ಆನೆಗೆ ಸಿಕ್ಕ ಜಾಗ

ಚಂದನಪೇಟೆಯ ಹೆಗ್ಗಡೆ ಸಂಕಣ್ಣನವರಿಗೆ ತಮ್ಮ ಊರನ್ನು ಹೊಗಳುವುದೆಂದರೆ ಊಟಕ್ಕಿಂತ ರುಚಿ. ಪರಸ್ಥಳದವರು ಯಾರೇ ಸಿಕ್ಕಲಿ, ಮೀಸೆಗೆ ಕೈಹಾಕಿ ಶುರುಮಾಡುವರು: "ನಮ್ಮೂರಿನಲ್ಲಿ ಇಲ್ಲದ್ದೇನಿದೆ ಹೇಳಿ! ಎಳನೀರಿನಂಥ ಬಾವಿ, ರಥ ಓಡುವಂಥ ಬೀದಿ, ಕಣ್ಣು ಹಾಯುವವರೆಗೆ ಬಯಲು!"

ಒಂದು ದಿನ ಹಿರೇಗುಡ್ಡದ ಅರಸ ಬಿಲ್ಲಮನಾಯಕ ಸೀಮೆಯಲ್ಲೆಲ್ಲ ಡಂಗುರ ಹೊಡೆಸಿದ. ಪಟ್ಟಣದಲ್ಲಿ ದುಡಿಯುವ ಬಡವರು ಪಟ್ಟಣದೊಳಗೇ ಇರಬೇಕು. ಮನೆ ಕಟ್ಟುವ ಖರ್ಚು ಅರಮನೆಯದು. ಪ್ರತಿ ಪಟ್ಟಣವೂ ಒಂದು ಕೇರಿಗಾಗುವಷ್ಟು ಜಾಗ ಬಿಟ್ಟುಕೊಟ್ಟರೆ ಸಾಕು.

ಡಂಗುರದ ಸದ್ದು ಅಡಗುವುದರೊಳಗೆ ಚಂದನಪೇಟೆಯಲ್ಲಿ ಏನೂ ಇಲ್ಲದಂತಾಯಿತು. ಹೆಗ್ಗಡೆಯವರು ಊರ ಹಿರಿಯರನ್ನು ಕಟ್ಟಿಕೊಂಡು ಆಸ್ಥಾನಕ್ಕೆ ಓಡಿದರು. ಉಳಿದ ಊರುಗಳ ಹೆಗ್ಗಡೆಗಳೂ ಆಗಲೇ ಅಲ್ಲಿ ಸಾಲಾಗಿ ಕೂತಿದ್ದರು.

"ಪ್ರಭು, ಇಂಥ ಪುಣ್ಯದ ಅಪ್ಪಣೆಯನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ," ಎಂದು ಸಂಕಣ್ಣನವರು ಕೈಮುಗಿದರು. "ಪಕ್ಕದ ಊರಿಗೆ ಹೇಳಿಮಾಡಿಸಿದ ಹಾಗಿದೆ."

ಪಕ್ಕದ ಊರಿನವರು ಕೆಮ್ಮಿದರು. ಅದರಾಚೆಯ ಊರಿನವರು ಸೂರು ನೋಡತೊಡಗಿದರು.

"ನಿಮ್ಮ ಊರಿಗೇನಾಗಿದೆ?" ಎಂದ ಅರಸ.

"ಏನು ಹೇಳಲಿ ಪ್ರಭು! ಬಾವಿಯಲ್ಲಿ ನೀರಿಲ್ಲ, ಕೊಡ ಮುಳುಗಿಸಿದರೆ ಕೆಸರು ಬರುತ್ತದೆ. ಬೀದಿಯೋ, ಎರಡು ಗಾಡಿ ಎದುರಾದರೆ ಒಂದು ಹಿಂದಕ್ಕೆ ಹೋಗಬೇಕು. ಜಾಗವಂತೂ ಎಳ್ಳು ಹಾಕಿದರೆ ಕೆಳಗೆ ಬೀಳುವುದಿಲ್ಲ."

ಸಭೆಯ ಕೊನೆಯಲ್ಲಿ ಕೂತಿದ್ದ ಒಬ್ಬ ಹೆಂಗಸು ಎದ್ದಳು. ಅವಳು ಸೂಲಗಿತ್ತಿ ಚೌಡವ್ವ. ಚಂದನಪೇಟೆಯ ಕೆಲಸಗಾರರೆಲ್ಲ ಇರುವ ಹೊಳೆಯಾಚೆಯ ಗುಡಿಸಲುಗಳಲ್ಲೇ ಅವಳ ಮನೆ. ಹೋದ ಮಳೆಗಾಲದಲ್ಲಿ ಹರಿಗೋಲು ಮಗುಚಿ ಅವಳ ಗಂಡ ಹೊಳೆಯ ಪಾಲಾಗಿದ್ದ.

"ಬುದ್ಧಿ, ಆ ಊರಿನ ಮಕ್ಕಳೆಲ್ಲ ನನ್ನ ಕೈಗೆ ಬಿದ್ದು ಭೂಮಿಗೆ ಬಂದವರು," ಎಂದಳು. "ಹೆಗ್ಗಡೇರ ಮೊಮ್ಮಗನೂ ಸೈತ. ಅಷ್ಟು ಜನಕ್ಕೆ ಜಾಗ ಸಾಕಾಯಿತು. ನನ್ನೊಬ್ಬಳಿಗೆ ಸಾಲದೇ ಹೋಯಿತೇ?"

ಸಂಕಣ್ಣನವರ ಕಿವಿ ಬಿಸಿಯಾಯಿತು. ಚೌಡವ್ವ ಒಳ್ಳೆಯವಳೇ. ಕರೆದ ಕೂಡಲೇ ಬರುವವಳು. ಆದರೆ ಬಂದವಳು ಮತ್ತೆ ಹೋಗುತ್ತಾಳೆ, ಅದೇ ಅವಳ ದೊಡ್ಡ ಗುಣ ಎಂದು ಅವರು ತಿಳಿದಿದ್ದರು.

ಅಷ್ಟರಲ್ಲಿ ಆಸ್ಥಾನದ ಜಾಣ ಕೇತಣ್ಣ ಎದ್ದುನಿಂತ. ಅವನು ಬಾಯಿ ಬಿಟ್ಟರೆ ಯಾರದೋ ಬಾಯಿ ಮುಚ್ಚುತ್ತದೆಂದು ಎಲ್ಲರಿಗೂ ಗೊತ್ತು. ಸಂಕಣ್ಣನವರು ಉಸಿರು ಬಿಗಿಹಿಡಿದರು.

"ಪ್ರಭು, ಹೆಗ್ಗಡೆಯವರ ಕಷ್ಟ ನೋಡಿದರೆ ಕರುಳು ಕಿವುಚುತ್ತದೆ," ಎಂದ ಕೇತಣ್ಣ. "ನೀರಿಲ್ಲದ ಊರಿಗೆ ಜನರನ್ನು ತುಂಬುವುದು ಬೇಡ."

ಸಂಕಣ್ಣನವರ ಉಸಿರು ಸಲೀಸಾಯಿತು. ಇವನು ನಮ್ಮವನು!

"ಈಗ ನನ್ನದೊಂದು ಯೋಚನೆ," ಎಂದು ಕೇತಣ್ಣ ಮುಂದುವರಿಸಿದ. "ಅರಮನೆಯ ಆನೆಗಳನ್ನು ಒಂದು ಊರಿನಲ್ಲಿ ಇಡುವುದಾದರೆ, ಆ ಊರಿನ ಹೆಗ್ಗಡೆಗೆ ದಸರೆಯಲ್ಲಿ ಪ್ರಭುಗಳ ಪಕ್ಕದಲ್ಲೇ ಅಂಬಾರಿಯಲ್ಲಿ ಕೂರುವ ಯೋಗ ಬರಬೇಕು. ಚಂದನಪೇಟೆಯೇ ಸರಿಯಾದ ಊರಾಗಿತ್ತು. ಆದರೇನು, ಪಾಪ, ನೀರಿಲ್ಲ."

ಸಂಕಣ್ಣನವರು ಎದ್ದ ರಭಸಕ್ಕೆ ಪೇಟ ಜಾರಿತು. "ನೀರಿಲ್ಲವೆಂದು ಯಾರು ಹೇಳಿದ್ದು?"

"ನೀವೇ."

"ಅದು ಬೀದಿ ಬಾವಿಯ ಮಾತು! ಊರ ಕೆರೆ ತುಂಬಿ ಕೋಡಿ ಹರಿಯುತ್ತಿದೆ ಸ್ವಾಮಿ!"

"ಒಂದೊಂದು ಆನೆ ಒಂದು ಕೇರಿಯ ನೀರು ಕುಡಿಯುತ್ತದಲ್ಲ?"

"ಕುಡಿಯಲಿ ಬಿಡಿ, ಮೂಕಪ್ರಾಣಿ!"

"ಬೀದಿ ಇಕ್ಕಟ್ಟಂತೆ?"

"ನನ್ನ ಜಗುಲಿಯನ್ನೇ ಒಡೆಸಿ ಅಗಲ ಮಾಡಿಸುತ್ತೇನೆ!"

"ಎಳ್ಳು ಬೀಳಲೂ ಜಾಗವಿಲ್ಲವಲ್ಲ?"

"ಎಳ್ಳಿಗಿಲ್ಲ, ಆನೆಗಿದೆ! ಕೋಟೆಬಾಗಿಲ ಒಳಗೆ ಬಯಲು ಹಾಗೇ ಬಿದ್ದಿದೆ. ಮನೆದೇವರ ಆಣೆ, ಇಂದೇ ಬಿಟ್ಟುಕೊಟ್ಟೆ!"

ಸಭೆ ಗೊಳ್ಳೆಂದಿತು. ಅದು ತಮ್ಮ ಉದಾರತೆಗೆ ಬಿದ್ದ ಮೆಚ್ಚುಗೆಯೆಂದು ಸಂಕಣ್ಣನವರು ಒಂದು ಗಳಿಗೆ ಹಿಗ್ಗಿದರು. ಆಮೇಲೆ ಅರಸನೂ ನಗುತ್ತಿರುವುದು ಕಂಡಿತು.

"ಪ್ರಭು, ಆನೆಗಳು ಇಲ್ಲಿಯೇ ಸುಖವಾಗಿವೆ. ಅವನ್ನು ಎಬ್ಬಿಸುವುದು ಬೇಡ," ಎಂದ ಕೇತಣ್ಣ. "ಆದರೆ ನೀರು ಸಿಕ್ಕಿತು, ಬೀದಿ ಅಗಲವಾಯಿತು, ಬಯಲು ಕೈಸೇರಿತು. ಹೊಳೆಯಾಚೆಯವರು ಮಳೆಗಾಲಕ್ಕೆ ಮುಂಚೆ ಈಚೆ ಬರಬಹುದಲ್ಲ?"

ಸಂಕಣ್ಣನವರು ಜಾರಿದ ಪೇಟವನ್ನು ಸರಿಮಾಡಿಕೊಂಡರು. ಆಣೆ ಇಟ್ಟಾಗಿತ್ತು. ಆದರೂ ಕೊನೆಯದಾಗಿ ಒಂದು ಕೊಸರು ಕೊಸರಿದರು:

"ಅಲ್ಲ ಕೇತಣ್ಣನವರೇ, ಆನೆ ಬಂದಿದ್ದರೆ ಊರಿಗೊಂದು ಶೋಭೆ. ಇವರು ಬಂದರೆ ಊರ ಅಂದ ಏನಾದೀತು?"

"ತಪ್ಪು ತಿಳಿದಿದ್ದೀರಿ ಹೆಗ್ಗಡೆಯವರೇ," ಎಂದ ಕೇತಣ್ಣ. "ಆನೆ ಬಂದರೆ ಊರಿಗೆ ಲದ್ದಿ. ಅದನ್ನು ಎತ್ತುವವರು ಬಂದರೆ ಶೋಭೆ."

ಬಿಲ್ಲಮನಾಯಕ ನಕ್ಕು ನಕ್ಕು ಕಣ್ಣೊರೆಸಿಕೊಂಡ. ಕೊರಳ ಮುತ್ತಿನ ಸರ ತೆಗೆದು ಕೇತಣ್ಣನಿಗೆ ಹಾಕಿದ. ಚೌಡವ್ವನಿಗೆ, "ತಾಯಿ, ಮೊದಲ ಮನೆ ನಿನ್ನದು," ಎಂದ. ಆಮೇಲೆ ಸಾಲಾಗಿ ಕೂತಿದ್ದ ಉಳಿದ ಹೆಗ್ಗಡೆಗಳ ಕಡೆ ತಿರುಗಿದ.

"ಇವರ ಊರುಗಳಲ್ಲಿ ಜಾಗ ಇದೆಯೋ ಇಲ್ಲವೋ, ಕೇಳಿದೆಯಾ ಕೇತಣ್ಣ?"

"ಕೇಳುವುದೇಕೆ ಪ್ರಭು? ಅಂಬಾರಿಯಲ್ಲಿ ಇನ್ನೂ ಒಬ್ಬರಿಗೆ ಜಾಗವಿದೆ ಎಂದರೆ ಸಾಕು, ಅವರೇ ತೋರಿಸುತ್ತಾರೆ."