ಗುದ್ಲೆಪ್ಪ ಹಾಕಿದ ಬೀಗ

೧೯೮೬ನೇ ಇಸವಿ, ಫೆಬ್ರವರಿ ಇಪ್ಪತ್ತೇಳು, ಗುರುವಾರ. ಬೆಳಗ್ಗೆ ತುಸು ಥಂಡಿ ಇತ್ತು. ಹತ್ತು ಗಂಟೆಗೆಲ್ಲ ಬಿಸಿಲು ಚುರುಗುಟ್ಟಿತು. ಮೋಡ ಇರಲಿಲ್ಲ.

ಅವತ್ತು ಸಾವಂತ್ರೆವ್ವ ಮಗ ಗುದ್ಲೆಪ್ಪನ ಕೈಹಿಡಿದು ಕಾರ್ಖಾನೆಯ ಗೇಟಿಗೆ ಕರೆತಂದಳು. ಮಗನಿಗೆ ಇಪ್ಪತ್ತಾರು ವರ್ಷ. ಆದರೂ ಕೈ ಬಿಟ್ಟರೆ ಎಲ್ಲಿ ನಿಲ್ಲುತ್ತಾನೋ ಹೇಳಲಾಗದು.

ಹುಬ್ಬಳ್ಳಿ ಕಡೆಯ ದೊಡ್ಡ ಕಾರ್ಖಾನೆ ಅದು. ಕಬ್ಬಿಣ ಕರಗಿಸಿ ಪಂಪು ಎರಕ ಹೊಯ್ಯುತ್ತಿದ್ದರು. ಸಾವಿರದಿನ್ನೂರು ಮಂದಿ. ಅಷ್ಟೂ ಮಂದಿಗೆ ಸಾವಂತ್ರೆವ್ವ ಕ್ಯಾಂಟೀನಿನಲ್ಲಿ ಇಪ್ಪತ್ತೆರಡು ವರ್ಷ ಅನ್ನ ಬೇಯಿಸಿದ್ದಳು. ಇನ್ನೊಂದು ತಿಂಗಳಿಗೆ ನಿವೃತ್ತಿ. ನಿವೃತ್ತರಾದವರ ಮಕ್ಕಳಿಗೆ ಕೆಲಸ ಕೊಡುವ ಪದ್ಧತಿ ಅಲ್ಲಿತ್ತು. ಮಗನಿಗೆ ಕೆಲಸ ಸಿಕ್ಕರೆ ಕಂಪನಿಯ ಖೋಲಿ ಉಳಿಯುತ್ತದೆ. ಇಲ್ಲವಾದರೆ ತಾಯಿ ಮಗ ಗಂಟುಮೂಟೆ ಕಟ್ಟಬೇಕು.

ಮಗ ಎಂಥವನು? ಹೋದ ಮಳೆಗಾಲದಲ್ಲಿ ಅವ್ವ, "ಅರಿವಿ ಒಣಗಿದ ಮ್ಯಾಲೆ ಒಳಗ ತಗೊಂಡ್ ಬಾ" ಅಂದಿದ್ದಳು. ಮಳೆ ಹಿಡಿಯಿತು. ಗುದ್ಲೆಪ್ಪ ಹಗ್ಗದ ಕೆಳಗೆ ಮರುದಿನ ಮಧ್ಯಾಹ್ನದವರೆಗೂ ನೆನೆಯುತ್ತ ಕೂತಿದ್ದ. ಅಂಥವನು.

ಕಾರ್ಖಾನೆಯ ಸೇಫ್ಟಿ ಆಫೀಸರು ಹಂಪಿಹೊಳಿ ಸಾಹೇಬರು. ಸಾವಂತ್ರೆವ್ವನ ಕೈಯ ಅನ್ನ ಉಂಡ ಋಣಕ್ಕೆ ಒಪ್ಪಿಕೊಂಡರು. "ಬರೋ ಮಂಗಳವಾರ ಸುರಕ್ಷಾ ದಿನ ಐತಿ. ಅಲ್ಲೀತನಕ ನೋಡ್ತೀನಿ. ಗಟ್ಟಿ ನಿಂತ್ರ ಕಾಯಂ."

ಸಾವಂತ್ರೆವ್ವ ಮಗನ ಗದ್ದ ಹಿಡಿದಳು. "ಯಪ್ಪಾ, ನಿನ್ನ ಬುದ್ಧಿ ಖರ್ಚ್ ಮಾಡಬ್ಯಾಡ. ಸಾಹೇಬ್ರು ಹೇಳಿದಷ್ಟ ಮಾಡು."

"ಹೂಂ ಅವ್ವಾ, ಹಂಗ ಮಾಡ್ತೀನಿ."

ಸಾಹೇಬರು ನೆಲದ ಹಳದಿ ಗೆರೆ ತೋರಿಸಿದರು. "ಈ ಎರಡು ಗೆರಿ ನಡುವ ಮಂದಿ ಓಡಾಡೋ ದಾರಿ. ಇದರಾಗ ಏನರ ಬಿದ್ದಿದ್ರ ಮಂದಿ ಎಡವ್ತಾರ. ಎತ್ತು, ಗುಜರಿ ಗಾಡಿಗೆ ಹಾಕು."

"ಹೂಂನ್ರಿ, ಹಂಗ ಮಾಡ್ತೀನ್ರಿ."

ಗುದ್ಲೆಪ್ಪ ಒಂದು ಬೋಲ್ಟು ಎತ್ತಿದ, ಗಾಡಿಗೆ ಹಾಕಿದ. ಒಂದು ಸರಳು ಎತ್ತಿದ, ಗಾಡಿಗೆ ಹಾಕಿದ. ಊಟದ ಹೊತ್ತು ಕಳೆಯಿತು. ಫೋರ್‌ಮನ್ ಹೊರಕೇರಿ ಹೊಟ್ಟೆತುಂಬ ಉಂಡು, ತಂಪು ನೆಲ ಅಂತ ಗೆರೆಯ ನಡುವೆಯೇ ಅಡ್ಡಾಗಿದ್ದ. ಗುದ್ಲೆಪ್ಪ ಅವನನ್ನೂ ಎತ್ತಿದ, ಗಾಡಿಗೆ ಹಾಕಿದ. ಗಾಡಿ ಹೋಯಿತು. ಹೊರಕೇರಿ ಎದ್ದದ್ದು ಗುಜರಿ ರಾಶಿಯ ಮೇಲೆ.

"ಸಾಹೇಬ್ರ! ಹದಿನೆಂಟು ವರ್ಷ ಸರ್ವಿಸ್ ಮಾಡಿದಾವ ನಾನು! ನನ್ನ ಗುಜರಿಗೆ ಹಾಕ್ಯಾನ್ರಿ!"

ಸಾಹೇಬರು ತಲೆ ಚಚ್ಚಿಕೊಂಡರು. "ಹುಚ್ಚಪ್ಪಾ, ಮಲಗಿದ ಮನಶ್ಯಾನ್ನ ಮುಟ್ಟಬಾರದೋ! ದೂರ ನಿಂತು ಗಂಟಿ ಬಾರಿಸಿ ಎಬ್ಬಿಸಬೇಕು!"

"ಹೂಂನ್ರಿ, ಹಂಗ ಮಾಡ್ತೀನ್ರಿ."

ಶುಕ್ರವಾರ ಬಂತು. ಕುಲುಮೆ ಕೆಲಸದವನೊಬ್ಬ ಝಳಕ್ಕೆ ತಲೆಸುತ್ತಿ ಬಿದ್ದಿದ್ದ. ಡಾಕ್ಟರು ಅವನಿಗೆ ಸೂಜಿ ಚುಚ್ಚಿ, ಕಾರ್ಖಾನೆಯ ದವಾಖಾನೆಯಲ್ಲಿ ಮಲಗಿಸಿ, "ಸದ್ದು ಮಾಡಬ್ಯಾಡ್ರಿ" ಅಂತ ಎಲ್ಲರಿಗೂ ಹೇಳಿ ಹೋದರು. ಗುದ್ಲೆಪ್ಪ ಬಂದದ್ದು ಆಮೇಲೆ. ಕಸ ತೆಗೆಯಲು ಬಂದವನು ನೋಡಿದ. ಮನುಷ್ಯ ಮಲಗಿದ್ದಾನೆ. ಮುಟ್ಟಲಿಲ್ಲ. ಹತ್ತು ಹೆಜ್ಜೆ ಹಿಂದೆ ಸರಿದ. ಜಗುಲಿಯಲ್ಲಿ ದೊಡ್ಡ ಗಂಟೆ ತೂಗುತ್ತಿತ್ತು. ಢಣ್! ಢಣ್! ಢಣ್!

ಅದು ಬೆಂಕಿಯ ಗಂಟೆ. ಸಾವಿರದಿನ್ನೂರು ಮಂದಿ ಕೈಯಲ್ಲಿದ್ದದ್ದು ಬಿಟ್ಟು ಬಯಲಿಗೆ ಓಡಿದರು. ಎಲ್ಲರಿಗಿಂತ ಮುಂದೆ ಓಡಿದವನು ಆ ರೋಗಿ. ಇತ್ತ ಕರಗಿಸಿದ ಕಬ್ಬಿಣ ಪಾತ್ರೆಯಲ್ಲೇ ಗಟ್ಟಿಯಾಯಿತು.

"ಗುದ್ಲ್ಯಾ! ಎಲ್ಲಿ ಐತೋ ಬೆಂಕಿ?"

"ಬೆಂಕಿ ಇಲ್ರಿ. ನಿದ್ದಿ ಇತ್ರಿ."

ಸಾಹೇಬರ ಮುಖ ಕೆಂಪಾಯಿತು. "ಗಂಟಿ ಮುಟ್ಟಿದ್ರ ಕೈ ಮುರೀತೀನಿ! ಅಲ್ಲಿ ಕೆಂಪು ಬಕೇಟಿನಾಗ ಉಸುಕು ಐತಿ ನೋಡು. ಬೆಂಕಿ ಖರೇನ ಕಣ್ಣಿಗೆ ಬಿದ್ರ ಅದನ್ನ ತಂದು ಸುರಿ. ಒದರಾಟ ಬ್ಯಾಡ, ಕೇಳೋದು ಬ್ಯಾಡ. ಸುರಿ!"

"ಹೂಂನ್ರಿ, ಹಂಗ ಮಾಡ್ತೀನ್ರಿ."

ಶನಿವಾರ ಹನ್ನೊಂದೂವರೆ. ಕ್ಯಾಂಟೀನಿನಲ್ಲಿ ನಾಲ್ಕು ದೊಡ್ಡ ಒಲೆ ಧಗಧಗ ಉರಿಯುತ್ತಿದ್ದವು. ಎರಡರ ಮೇಲೆ ಅನ್ನ, ಎರಡರ ಮೇಲೆ ಬೇಳೆಸಾರು. ಸಾವಂತ್ರೆವ್ವ ಉಪ್ಪು ನೋಡುತ್ತಿದ್ದಳು. ಬಾಗಿಲಲ್ಲಿ ಮಗ ಕಂಡ. ಎರಡೂ ಕೈಯಲ್ಲಿ ಕೆಂಪು ಬಕೇಟು.

"ಯಾಕೋ ಯಪ್ಪಾ, ಹಸಿವಾತೇನು?"

ಗುದ್ಲೆಪ್ಪ ಒದರಲಿಲ್ಲ. ಕೇಳಲಿಲ್ಲ. ಸುರಿದ. ಹೋಗಿ ಮತ್ತೆರಡು ತಂದ, ಸುರಿದ. ಒಲೆ ಆರಿದವು. ಅನ್ನದ ಮೇಲೆ ಉಸುಕು, ಸಾರಿನೊಳಗೆ ಉಸುಕು.

"ಅಯ್ಯೋ ಖೋಡಿ! ಅನ್ನಕ್ಕ ಮಣ್ಣು ಹಾಕಿದೆಲ್ಲೋ!"

"ಮಣ್ಣಲ್ಲವ್ವಾ, ಉಸುಕು."

ಅವತ್ತು ಸಾವಿರದಿನ್ನೂರು ಮಂದಿ ಚುರಮರಿ ತಿಂದು ನೀರು ಕುಡಿದರು. ಸಾವಂತ್ರೆವ್ವ ಭಾನುವಾರ ಇಡೀ ದಿನ ಪಾತ್ರೆಗಳನ್ನು ಎಣಿಸಿ ಒಂದು ಕಡೆ ಇಟ್ಟಳು. ಖೋಲಿ ಬಿಡುವಾಗ ಸುಲಭವಾಗಲಿ ಎಂದು.

ಸೋಮವಾರ ಸಾಹೇಬರು ಗುದ್ಲೆಪ್ಪನಿಗೆ ಕೆಲಸ ಹುಡುಕಿದರು. ನಿಂತಲ್ಲಿ ನಿಲ್ಲುವ ಕೆಲಸ, ಏನನ್ನೂ ಎತ್ತದ, ಬಾರಿಸದ, ಸುರಿಯದ ಕೆಲಸ. ಅಂಥದೊಂದು ಇತ್ತು. ಎರಕದ ಉಸುಕು ಕಲಸುವ ಯಂತ್ರ. ಹಂಡೆಯಂಥ ಹೊಟ್ಟೆ, ಒಳಗೆ ಗರಗರ ತಿರುಗುವ ಅಲಗು. ಅದನ್ನು ತೊಳೆಯಲು ಜನ ಒಳಗೆ ಇಳಿಯುತ್ತಿದ್ದರು.

"ಇಲ್ಲಿ ಕೇಳು. ಮಂದಿ ಒಳಗ ಹೊಂಟ್ರ ಸಾಕು, ಸ್ವಿಚ್ ಬಂದ್ ಮಾಡಿ ಬೀಗ ಹಾಕು. ಚಾವಿ ನಿನ್ನ ಕಿಸೆದಾಗ ಇಟ್ಕೋ. ಎಷ್ಟ ಮಂದಿ ಹೋದ್ರೋ ಅಷ್ಟೂ ಮಂದಿ ಹೊರಗ ಬಂದು ಈ ಪುಸ್ತಕದಾಗ ಸಹಿ ಮಾಡಬೇಕು. ಅಲ್ಲೀತನಕ ಚಾವಿ ಯಾರಿಗೂ ಇಲ್ಲ. ನಾ ಕೇಳಿದ್ರೂ ಇಲ್ಲ."

"ಹೂಂನ್ರಿ, ಹಂಗ ಮಾಡ್ತೀನ್ರಿ."

ಮಂಗಳವಾರ, ಸುರಕ್ಷಾ ದಿನ. ಸರ್ಕಾರದ ಕಾರ್ಖಾನೆ ಇನ್‌ಸ್ಪೆಕ್ಟರು ಒಂದು ತಾಸು ಮೊದಲೇ ಬಂದುಬಿಟ್ಟರು. ಮ್ಯಾನೇಜರ್ ಸಾಹೇಬರಿಗೆ ಗಡಿಬಿಡಿ. ಉಸುಕಿನ ಯಂತ್ರಕ್ಕೆ ಹೊಸದಾಗಿ ಹಾಕಿಸಿದ ರಕ್ಷಣೆಯ ಜಾಲರಿ ತೋರಿಸಬೇಕು, ಯಂತ್ರ ತಿರುಗಿಸಿಯೇ ತೋರಿಸಬೇಕು.

"ಚಾವಿ ಕೊಡು!"

"ಇಲ್ರಿ. ಇಬ್ಬರು ಒಳಗ ಹೋಗ್ಯಾರ. ಒಂದ ಸಹಿ ಬಂದೈತಿ."

ಮ್ಯಾನೇಜರರು ಕತ್ತಲು ತುಂಬಿದ ಯಂತ್ರದ ಬಾಯಿಗೆ ಬಾಯಿಟ್ಟು ಕೂಗಿದರು. "ಯಾರರ ಅದೀರೇನು?" ಉತ್ತರವಿಲ್ಲ. "ಕೇಳಿದಿಲ್ಲೋ? ಯಾರೂ ಇಲ್ಲ. ಸಹಿ ಮಾಡದ ಚಾ ಕುಡ್ಯಾಕ ಹೋಗಿರ್ತಾನ. ಕೊಡು!"

"ಸಹಿ ಇಲ್ರಿ."

"ನಾ ಯಾರ್ ಗೊತ್ತೈತೇನು? ಮ್ಯಾನೇಜರ್!"

"ನೀವು ಒಳಗ ಹೋಗಿದ್ದಿಲ್ರಿ."

"ಈಗ ಕೊಡದಿದ್ರ ಇವತ್ತ ನಿನ್ನ ಕೆಲಸ ಮುಗೀತು!"

ಸಾವಂತ್ರೆವ್ವ ಚಹಾದ ತಟ್ಟೆ ಹಿಡಿದು ಅಲ್ಲೇ ನಿಂತಿದ್ದಳು. "ಕೊಡೋ ಯಪ್ಪಾ! ಇದೊಂದ್ ಸಲ ಕೊಡೋ! ಖೋಲಿ ಹೋಗ್ತೈತೋ!"

ಗುದ್ಲೆಪ್ಪ ಅವ್ವನನ್ನು ನೋಡಿದ. ಕಣ್ಣು ತುಂಬಿದವು. ಕೈ ಮಾತ್ರ ಕಿಸೆಯನ್ನು ಗಟ್ಟಿ ಒತ್ತಿಕೊಂಡಿತ್ತು.

"ಅವ್ವಾ, ಎರಡ ಹೋಗ್ಯಾವ. ಒಂದ ಬಂದೈತಿ."

ಆಗ ಯಂತ್ರದ ಬಾಯಿಂದ ಒಂದು ತಲೆ ಮೇಲೆದ್ದಿತು. ದೊಡ್ಡಮನಿ. ಉಸುಕು ಹತ್ತಿದ ಮುಖ, ಎರಡೂ ಕಿವಿಯಲ್ಲಿ ಅರಳೆ. ಶಬ್ದದಿಂದ ಕಿವಿ ಕೆಡದಿರಲಿ ಎಂದು ಕಂಪನಿಯೇ ಕೊಟ್ಟದ್ದು. ಅರಳೆ ಕಿತ್ತು ಸುತ್ತ ನೋಡಿದ.

"ಏನ್ರಿ ಇಷ್ಟ ಮಂದಿ? ಚಾ ಬಂತೇನು?"

ಮ್ಯಾನೇಜರರು ಚಾವಿಗೆಂದು ಚಾಚಿದ್ದ ಕೈ ಹಿಂದಕ್ಕೆ ತೆಗೆದುಕೊಂಡರು. ಸಾವಂತ್ರೆವ್ವ ತಟ್ಟೆಯಿಂದ ಒಂದು ಕಪ್ಪು ಎತ್ತಿ ದೊಡ್ಡಮನಿಗೆ ಕೊಟ್ಟಳು.

ಇನ್‌ಸ್ಪೆಕ್ಟರು ಗುದ್ಲೆಪ್ಪನ ಬೆನ್ನು ತಟ್ಟಿದರು. "ಶಭಾಷ್! ಇನ್ನ ಮುಂದನೂ ಹಿಂಗ ಇರು. ಎಂಥಾ ದೊಡ್ಡ ಜಾಗಾ ಇರ್ಲಿ, ಎಂಥಾ ದೊಡ್ಡವರು ಒಳಗಿರ್ಲಿ, ಬೀಗ ತೆಗೀಬ್ಯಾಡ."

"ಹೂಂನ್ರಿ, ಹಂಗ ಮಾಡ್ತೀನ್ರಿ."

ಎಲ್ಲರೂ ನಕ್ಕರು. ಸಾವಂತ್ರೆವ್ವ ನಗಲಿಲ್ಲ. ಆ 'ಹೂಂ' ಅವಳಿಗೆ ಗೊತ್ತಿತ್ತು.

ಸಂಜೆ ನಾಲ್ಕಕ್ಕೆ ಪೆಂಡಾಲಿನಲ್ಲಿ ಸಭೆ. ಸಾವಿರದಿನ್ನೂರು ಮಂದಿ ಒಳಗೆ ಕೂತರು. ಗುದ್ಲೆಪ್ಪನಿಗೆ ಐವತ್ತೊಂದು ರೂಪಾಯಿ ಬಹುಮಾನ. ಕಾಯಂ ಪತ್ರ ಮ್ಯಾನೇಜರರ ಕಿಸೆಯಲ್ಲಿ, ಸಹಿ ಒಂದು ಬಾಕಿ, ಭಾಷಣ ಮುಗಿದ ಮೇಲೆ ಕೊಡುವುದು. ಅವರು ಮೈಕು ಹಿಡಿದರು. "ಸುರಕ್ಷತೆ ಅಂದ್ರ..." ಅಂದರು. ಮೈಕು ಸತ್ತಿತು. ಫ್ಯಾನು ನಿಂತವು.

ಪೆಂಡಾಲಿನ ಬಾಗಿಲಲ್ಲಿ ಸ್ವಿಚ್ಚಿನ ಪೆಟ್ಟಿಗೆ. ಪೆಟ್ಟಿಗೆಗೆ ಬೀಗ. ಪಕ್ಕದಲ್ಲಿ ಗುದ್ಲೆಪ್ಪ, ಕೈಯಲ್ಲಿ ಪುಸ್ತಕ.

"ಭಾಳ ಮಂದಿ ಒಳಗ ಹೋಗ್ಯಾರ್ರಿ. ಎಲ್ಲಾರೂ ಬಂದು ಸಹಿ ಮಾಡ್ರಿ."

"ಒಡೀರಿ ಬೀಗ!" ಮ್ಯಾನೇಜರರು ಗುಡುಗಿದರು.

ಇನ್‌ಸ್ಪೆಕ್ಟರು ಮೆಲ್ಲಗೆ ಕೆಮ್ಮಿದರು. "ಒಳಗ ಮಂದಿ ಇದ್ದಾಗ ಬೀಗ ಒಡದ್ರ ನಾ ವರದಿ ಬರೀಬೇಕಾಗ್ತೈತ್ರಿ." ಎದ್ದು ಹೋಗಿ ಮೊದಲ ಸಹಿ ತಾವೇ ಹಾಕಿದರು.

ಸಾಲು ಹತ್ತಿತು. ಕೆಲವರು ಸಹಿ, ಕೆಲವರು ಹೆಬ್ಬೆಟ್ಟು. ನಾಲ್ಕೂವರೆಗೆ ಪಾಳಿ ಮುಗಿಯಿತು. ಸಾಲು ಮುಗಿಯಲಿಲ್ಲ. ಸಹಿ ಮಾಡಿದವರನ್ನೂ ಭಾಷಣಕ್ಕೆಂದು ಹೊರಗೇ ನಿಲ್ಲಿಸಿದ್ದರು. ಆರೂವರೆಗೆ ಕೊನೆಯವನು ಹೊರಬಂದ. ಗುದ್ಲೆಪ್ಪ ಎಣಿಸಿ, ಬೀಗ ತೆಗೆದ. ಮೈಕಿಗೆ ಜೀವ ಬಂತು. ಮ್ಯಾನೇಜರರು ಹಟದ ಮನುಷ್ಯ, ಖಾಲಿ ಕುರ್ಚಿಗಳ ನಡುವೆ ನಡೆದು ಮೈಕಿನ ಮುಂದೆ ನಿಂತರು.

"ಸುರಕ್ಷತೆ ಅಂದ್ರ..."

ಟಕ್.

"ಒಬ್ಬರು ಒಳಗ ಹೋಗ್ಯಾರ್ರಿ ಸಾಹೇಬ್ರ! ಬಂದು ಸಹಿ ಮಾಡ್ರಿ!"

ಮ್ಯಾನೇಜರರು ಬಂದರು. ಪುಸ್ತಕದಲ್ಲಿ ಸಹಿ ಹಾಕಿದರು. ಹಾಗೇ ಕಿಸೆಯಿಂದ ಕಾಯಂ ಪತ್ರ ತೆಗೆದು, ಅದಕ್ಕೂ ಹಾಕಿದರು. "ತಗೋ ಮಾರಾಯಾ. ಆ ಯಂತ್ರ ಬಿಟ್ಟು ಎಲ್ಲೂ ಹೋಗಬ್ಯಾಡ."

ಸಾವಂತ್ರೆವ್ವ ಪತ್ರವನ್ನು ಸೆರಗಿನಲ್ಲಿ ಕಟ್ಟಿಕೊಂಡು ಖೋಲಿಗೆ ನಡೆದಳು. ಪಾತ್ರೆಗಳನ್ನು ಮತ್ತೆ ಗೂಡಿಗೆ ಹೊಂದಿಸಿದಳು.

ಪಾಳಿ ಮೀರಿ ನಿಲ್ಲಿಸಿದ ಎರಡು ತಾಸಿಗೆ ಕಾಯ್ದೆಯಂತೆ ದುಪ್ಪಟ್ಟು ಪಗಾರ ಎಂದು ಇನ್‌ಸ್ಪೆಕ್ಟರು ಬರೆದಿಟ್ಟೇ ಹೋಗಿದ್ದರು. ಹೀಗಾಗಿ, ಕೇಳಿದವರೇ, ಗುದ್ಲೆಪ್ಪನಿಗೆ ಐವತ್ತೊಂದು ರೂಪಾಯಿ ಬಹುಮಾನ ಕೊಟ್ಟ ದಿನ ಕಂಪನಿ ಉಳಿದವರಿಗೆಲ್ಲ ತಲೆಗೆ ಹನ್ನೆರಡರಂತೆ ಕೊಟ್ಟದ್ದು ಹದಿನಾಲ್ಕು ಸಾವಿರದ ನಾನೂರು.