ಹತ್ತು ಹೆಜ್ಜೆ ಮಂಜುಗಡ್ಡೆ

ಹಿಮಾಲಯದ ಆಚೆ ಮಗ್ಗುಲಲ್ಲಿ, ಮರಗಳೇ ಅಪರೂಪವಾದ ಒಂದು ಕಣಿವೆ.

ಅಲ್ಲಿ ಊರಿಗೊಬ್ಬ ನೀರಿನ ಯಜಮಾನ. ಬೇಸಿಗೆಯಲ್ಲಿ ಯಾರ ಹೊಲಕ್ಕೆ ಯಾವಾಗ ನೀರು ಎಂದು ಹೇಳುವವನು ಅವನೇ. ಅವನನ್ನು ಕೇಳದೆ ಕಾಲುವೆಯ ಬಾಯಿಗಿಟ್ಟ ಕಲ್ಲನ್ನು ಯಾರೂ ಎತ್ತುವುದಿಲ್ಲ.

ಈ ಊರಿನಲ್ಲಿ ಆ ಕೆಲಸ ಎಶೆ ಎಂಬ ವೃದ್ಧರದು. ಆ ಕಡೆ ಅಜ್ಜನಿಗೆ ಮೇಮೆ ಎನ್ನುತ್ತಾರೆ. ಗೌರವಕ್ಕೆ ಕೊನೆಯಲ್ಲೊಂದು ‘ಲೆ’ ಸೇರಿಸುತ್ತಾರೆ. ಎಲ್ಲರಿಗೂ ಅವರು ಮೇಮೆಲೆ.

ಚಳಿಗಾಲದಲ್ಲಿ ಮೇಮೆಗೆ ಇನ್ನೊಂದು ಕೆಲಸವಿತ್ತು. ಒಣಗಿದ ಕೆರೆಯಂಗಳಕ್ಕೆ ನೀರು ಹಾಕಿ ಹೆಪ್ಪುಗಟ್ಟಿಸುವುದು, ಅದರ ಮೇಲೆ ಮಕ್ಕಳಿಗೆ ‘ಐಸ್ ಹಾಕಿ’ ಆಟ ಕಲಿಸುವುದು.

ಕುಂಜೆಸ್ ಎಂಟು ವರ್ಷದವಳಿದ್ದಾಗ ಅವರ ಬಳಿ ಬಂದಳು.

“ನನಗೂ ಆಡೋಕೆ ಕಲಿಸಿ, ಮೇಮೆಲೆ.”

“ಬಕೆಟ್ ಎತ್ತೋಕೆ ಬರುತ್ತಾ?”

“ಬರುತ್ತೆ.”

“ನೀರು ತಾ.”

ಆ ಚಳಿಗಾಲವಿಡೀ ಅವಳು ನೀರು ಹೊತ್ತಳು. ಮೇಮೆ ತಳ ತೂತಾದ ಡಬ್ಬದಿಂದ ಆ ನೀರನ್ನು ನೆಲಕ್ಕೆ ಬಿಡುತ್ತಿದ್ದರು, ಕಾವಲಿಗೆ ಎಣ್ಣೆ ಸವರಿದಷ್ಟೇ. ಅದು ಗಟ್ಟಿಯಾಗುವವರೆಗೆ ಕಾಯಬೇಕು. ಆಮೇಲೆ ಇನ್ನೊಂದು ಪದರ. ಸಂಜೆಗೊಂದು, ನಸುಕಿಗೊಂದು.

“ಒಂದೇ ಸಲ ಸುರಿದರೆ ಏನಾಗುತ್ತೆ, ಮೇಮೆಲೆ?”

“ಬೇಗ ಆಗುತ್ತೆ.”

“ಮತ್ತೆ?”

“ಅಷ್ಟೇ. ಬೇಗ ಆಗುತ್ತೆ.”

ಎಂಟು ವರ್ಷ ಕಳೆಯಿತು.

ಹೋದ ಚಳಿಗಾಲ ಪಕ್ಕದೂರಿನ ಮೇಲೆ ಆಡುವಾಗ ಕುಂಜೆಸ್ ಐದು ಜನರನ್ನು ದಾಟಿ, ಕರಿ ರಬ್ಬರಿನ ಬಿಲ್ಲೆಯನ್ನು ಗೋಲಿಗೆ ಹೊಡೆದಳು. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದರು. ಹದಿನಾಲ್ಕು ಸೆಕೆಂಡಿನ ವಿಡಿಯೊ.

ಆ ಹದಿನಾಲ್ಕು ಸೆಕೆಂಡನ್ನು ಇಡೀ ಕಣಿವೆ ವರ್ಷವೆಲ್ಲ ನೋಡಿತು.

ಪತ್ರಿಕೆಯವರು ಅವಳನ್ನು ಹಿಮಚಿರತೆ ಎಂದರು. ಬಸ್ ನಿಲ್ದಾಣದ ಗೋಡೆಯ ಮೇಲೆ ಚಿರತೆಯ ಮೈಗೆ ಅವಳ ಮುಖ ಬರೆದರು. ಸೋದರಮಾವ ಆಂಗ್ಚುಕ್ ತನ್ನ ಚಹಾದಂಗಡಿಗೆ ‘ಒಲಿಂಪಿಕ್ ಹೋಟೆಲ್’ ಎಂದು ಬೋರ್ಡು ಹಾಕಿದ. ಚಹಾ ಮಾತ್ರ ಮೊದಲಿನಷ್ಟೇ ನೀರಾಗಿತ್ತು. ಹೋದ ಮನೆಯಲ್ಲೆಲ್ಲ ಅವಳ ಕೊರಳಿಗೆ ಗೌರವದ ತೆಳ್ಳನೆಯ ಬಿಳಿ ಶಾಲು ಬಿತ್ತು. ಕೂಸಿಗೆ ಮುಂಚೆ ಕುಲಾವಿ ಬಂತು.

ರಾಷ್ಟ್ರೀಯ ತಂಡದ ಶಿಬಿರಕ್ಕೆ ಹುಡುಗಿಯರನ್ನು ಆರಿಸುವವರು ಈ ಚಳಿಗಾಲ ಅವಳನ್ನು ನೋಡಲು ಊರಿಗೇ ಬರುತ್ತಾರೆಂದು ಸುದ್ದಿಯಾಯಿತು.

ಆದರೆ ಈ ಸಲ ಚಳಿ ತಡವಾಯಿತು. ಕಾಲುವೆಯಲ್ಲೂ ನೀರು ಕಡಿಮೆ. ಮೇಮೆ ಇಡೀ ಅಂಗಳವನ್ನು ಬಿಟ್ಟು ಉತ್ತರದ ಗೋಡೆಯ ನೆರಳಲ್ಲಿ ಒಂದು ಪಟ್ಟೆಗೆ ಮಾತ್ರ ನೀರು ಹಾಕತೊಡಗಿದರು. ಉದ್ದ ಹತ್ತು ಹೆಜ್ಜೆ.

“ಇಷ್ಟೇನಾ?” ಎಂದಳು ಕುಂಜೆಸ್.

“ನೀರು ಇಷ್ಟೇ. ಚಳಿ ಇಷ್ಟೇ.”

“ಅವರು ನನ್ನ ಓಟ ನೋಡೋಕೆ ಬರ್ತಿದ್ದಾರೆ.”

“ನೀರು ತಾ.”

ಅವಳು ತಂದಳು. ಬಕೆಟ್ ಇಟ್ಟು ಅಲ್ಲೇ ಕೂತಳು.

“ನನಗೆ ದಣಿವಾಗಿದೆ, ಮೇಮೆಲೆ.”

“ಆಟದಿಂದಾನಾ?”

“ಅಲ್ಲ.” ಕೋಟಿನೊಳಗಿಂದ ಶಾಲುಗಳ ಗಂಟು ತೆಗೆದಳು. “ಇವುಗಳಿಂದ. ಒಂದಾದರೆ ತೂಕ ಇಲ್ಲ. ನಲವತ್ತಿವೆ. ಮನೆಯಲ್ಲಿಟ್ಟರೆ ಅಮ್ಮ ದಿನಾ ಎಣಿಸ್ತಾಳೆ.”

ಮೇಮೆ ಗೋಡೆಯತ್ತ ನೋಡಿದರು. ಒಂದು ಕಡೆ ಕಲ್ಲು ಬಿದ್ದು ಸಂದಿಯಾಗಿತ್ತು. ಮಧ್ಯಾಹ್ನ ಅಲ್ಲಿಂದ ಬಿಸಿಲು ಒಳಬಂದು ಪಟ್ಟೆಯನ್ನು ಕರಗಿಸುತ್ತಿತ್ತು.

“ಅಲ್ಲಿ ಹಗ್ಗ ಕಟ್ಟಿ ನೇತುಹಾಕು. ಮಂಜುಗಡ್ಡೆಗಾದರೂ ನೆರಳಾಗಲಿ.”

ಅವಳು ನಲವತ್ತನ್ನೂ ನೇತುಹಾಕಿದಳು. ಬಿಸಿಲು ನಿಂತಿತು.

ಇನ್ನೊಂದು ಸಂಜೆ ಅವಳು ಕೇಳಿಯೇಬಿಟ್ಟಳು.

“ಊರೆಲ್ಲ ಏನೇನೋ ಅಂತಾರೆ. ಎಂಟು ವರ್ಷದಲ್ಲಿ ನೀವು ಒಂದು ಸಲವೂ ‘ಚೆನ್ನಾಗಿ ಆಡಿದೆ’ ಅನ್ನಲಿಲ್ಲ. ನಾನು ಅಷ್ಟು ಕೆಟ್ಟದಾಗಿ ಆಡ್ತೀನಾ?”

ಮೇಮೆ ಡಬ್ಬ ಕೆಳಗಿಟ್ಟರು.

“ಒಬ್ಬನಿಗೆ ಅಂದಿದ್ದೆ.”

“ಯಾರಿಗೆ?”

“ಚೋಸ್ಫೆಲ್‌ಗೆ.”

ಅವಳಿಗೆ ಚೋಸ್ಫೆಲ್ ಗೊತ್ತಿತ್ತು. ಪೇಟೆಯಿಂದ ಜೀಪು ಓಡಿಸುವವನು. ಊರಿಗೆ ಬಂದರೂ ಕೆರೆಯಂಗಳದ ದಾರಿ ಹಿಡಿಯದೆ ಬೆಟ್ಟ ಸುತ್ತಿ ಬರುವವನು.

“ಅವರು ಆಡ್ತಿದ್ರಾ?”

“ಚೆನ್ನಾಗಿ ಆಡ್ತಿದ್ದ. ನಾನು ಅಷ್ಟು ಹೇಳಿ ನಿಲ್ಲಿಸಬೇಕಿತ್ತು. ‘ನಿನ್ನಂಥವನು ಈ ಕಣಿವೆಯಲ್ಲಿ ಹುಟ್ಟಿಲ್ಲ’ ಅಂದೆ. ಊರು ಅವನನ್ನು ಹೆಗಲ ಮೇಲೆ ಹೊತ್ತು ಬಸ್ಸು ಹತ್ತಿಸಿತು. ಶಿಬಿರದಲ್ಲಿ ಅವನಂಥವರು ಅರವತ್ತು ಜನ ಇದ್ದರು.”

ಮೇಮೆ ಸ್ವಲ್ಪ ಹೊತ್ತು ಕೆಮ್ಮಿದರು.

“ಹದಿನೈದು ದಿನಕ್ಕೆ ವಾಪಸ್ ಬಂದ. ಚೆನ್ನಾಗಿ ಆಡೋನು ಚೆನ್ನಾಗಿ ಆಡೋನಾಗಿಯೇ ಉಳಿಯಬಹುದಿತ್ತು. ನಾವು ಅದಕ್ಕೂ ಜಾಗ ಬಿಟ್ಟಿರಲಿಲ್ಲ.”

ಕುಂಜೆಸ್ ಬಕೆಟ್ ಎತ್ತಿಕೊಂಡು ನೀರಿಗೆ ಹೊರಟಳು. ಆದರೆ ಒಂದು ಮಾತಿಗೆ ಕಾದಿದ್ದವಳಿಗೆ ಆ ಮಾತು ಸಿಕ್ಕಿರಲಿಲ್ಲ.

ಆರಿಸುವವರು ಮೂರು ವಾರದ ನಂತರ ಬರಬೇಕಿತ್ತು. ಒಂದು ಮಧ್ಯಾಹ್ನ ಫೋನು ಬಂತು. ಮುಂದೆ ಹಿಮಪಾತವಿದೆ, ನಾಳೆ ಬೆಳಿಗ್ಗೆಯೇ ಬರುತ್ತೇವೆ.

ಮೇಮೆ ಎರಡು ದಿನದಿಂದ ಜ್ವರದಲ್ಲಿ ಮಲಗಿದ್ದರು.

ಮಾವ ಆಂಗ್ಚುಕ್ ಪಟ್ಟೆಯ ಪಕ್ಕ ನಿಂತು ಸೊಂಟಕ್ಕೆ ಕೈಕೊಟ್ಟ. “ಇದನ್ನಾ ತೋರಿಸ್ತೀಯಾ ಅವರಿಗೆ? ಹಿಮಚಿರತೆ ಹಿತ್ತಲಲ್ಲಿ ಓಡಾಡುತ್ತಾ?”



ಸೂರ್ಯ ಮುಳುಗುವ ಹೊತ್ತಿಗೆ ಕುಂಜೆಸ್ ಕಾಲುವೆಯ ಬಳಿ ಹೋದಳು. ಬಾಯಿಕಲ್ಲನ್ನು ಎರಡೂ ಕೈಯಿಂದ ಎತ್ತಿದಳು. ನೀರು ಅಂಗಳಕ್ಕೆ ನುಗ್ಗಿ, ಹತ್ತು ಹೆಜ್ಜೆಯ ಪಟ್ಟೆಯ ಅಂಚಿನವರೆಗೆ ತುಂಬಿ ನಿಂತಿತು. ಆಮೇಲೆ ಕಲ್ಲನ್ನು ಮೊದಲಿನ ಹಾಗೇ ಇಟ್ಟಳು.

ಬೆಳಗಾದಾಗ ಇಡೀ ಅಂಗಳ ಕನ್ನಡಿಯಾಗಿತ್ತು. ಬೆಟ್ಟಗಳು ಅದರಲ್ಲಿ ತಲೆಕೆಳಗಾಗಿ ನಿಂತಿದ್ದವು.

ಊರು ನೆರೆಯಿತು. ನಗಾರಿಯವರು ಬಂದರು. ಇಂಥ ಮಂಜುಗಡ್ಡೆ ಕಂಡೇ ಇಲ್ಲ ಎಂದರು ಎಲ್ಲರೂ.

ಜೀಪು ಬಂತು. ಇಳಿದವರು ಒಬ್ಬರೇ ಹೆಂಗಸು, ನಡುವಯಸ್ಸಿನವರು, ಗಲ್ಲದ ಮೇಲೆ ಹಳೆಯ ಹೊಲಿಗೆಯ ಗುರುತು. ಜೀಪು ಓಡಿಸಿದವನು ಚೋಸ್ಫೆಲ್. ಅವನು ಇಳಿಯಲಿಲ್ಲ.

ಮೇಮೆ ಕಂಬಳಿ ಹೊದ್ದು ಕೋಲೂರಿಕೊಂಡು ಬಂದರು. ಅಂಗಳದ ಅಂಚಿಗೆ ಬಗ್ಗಿ ಕೋಲಿನಿಂದ ಮೆಲ್ಲಗೆ ತಟ್ಟಿದರು.

ಡಬ್.

ಪಟ್ಟೆಯ ಮೇಲೆ ತಟ್ಟಿದರು.

ಟಣ್.

ಆ ಎರಡು ಸದ್ದಿನ ವ್ಯತ್ಯಾಸ ಅಲ್ಲಿದ್ದವರಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಜೀಪಿನಲ್ಲಿ ಕೂತಿದ್ದವನನ್ನೂ ಸೇರಿಸಿದರೆ ಮೂವರಿಗೆ.

“ನೋಡಿ ಮೇಮೆಲೆ, ಒಂದೇ ರಾತ್ರಿಯಲ್ಲಿ!” ಎಂದ ಆಂಗ್ಚುಕ್. “ನಿಮಗಾದರೆ ಎರಡು ತಿಂಗಳು ಬೇಕು.”

“ಹೌದಪ್ಪ,” ಎಂದರು ಮೇಮೆ. ಕಾಲುವೆಯ ಕಡೆಗೆ ಒಮ್ಮೆ ನೋಡಿದರು. 

“ಸ್ಕೇಟ್ ಕಟ್ಟಿಕೊ, ನೋಮೋ,” ಎಂದರು. ಅಲ್ಲಿ ಹುಡುಗಿಯರನ್ನು ಪ್ರೀತಿಯಿಂದ ಹಾಗೆ ಕರೆಯುತ್ತಾರೆ.

ಕುಂಜೆಸ್ ಕೂತು ಸ್ಕೇಟ್ ಕಟ್ಟಿಕೊಂಡಳು. ಎದ್ದಳು. ಇಡೀ ಊರು ಅವಳನ್ನು ನೋಡುತ್ತಿತ್ತು. ನಗಾರಿಯ ಕೋಲು ಮೇಲೆದ್ದಿತ್ತು.

“ಇದು ಟೊಳ್ಳು,” ಎಂದಳು.

“ಏನಂದೆ?” ಎಂದರು ಬಂದ ಹೆಂಗಸು.

“ಮೇಲೆ ಮಾತ್ರ ಗಟ್ಟಿ. ಅಡಿಯ ನೀರನ್ನು ಮಣ್ಣು ಕುಡಿದಿದೆ. ಆಡೋಕಾಗಲ್ಲ.” ಉಸಿರು ತೆಗೆದುಕೊಂಡಳು. “ಯಜಮಾನರನ್ನು ಕೇಳದೆ ಕಲ್ಲು ಎತ್ತಿದ್ದು ನಾನೇ.”

ಊರು ಗುಜುಗುಜು ಎಂದಿತು. ಬೇಸಿಗೆಯಲ್ಲಿ ಅಂಥ ತಪ್ಪಿಗೆ ಇಡೀ ಮನೆಯ ಜೊತೆ ಊರೇ ಮಾತು ಬಿಡುತ್ತದೆ.

“ಹುಡುಗಿಗೆ ಸ್ವಲ್ಪ ಹೆದರಿಕೆ, ಅಷ್ಟೇ,” ಎಂದು ಆಂಗ್ಚುಕ್ ನಕ್ಕ. “ಟೊಳ್ಳಂತೆ! ಇಲ್ಲಿ ನೋಡಿ ಮೇಡಂ.” ಹೊಸ ಬೂಟಿನಲ್ಲಿ ಅಂಗಳಕ್ಕೆ ಇಳಿದ. ಒಂದು ಹೆಜ್ಜೆ. ಎರಡು. ಮೂರನೆಯದಕ್ಕೆ ಕೈ ಬೀಸಿದ.

ಕನ್ನಡಿ ಒಡೆಯಿತು. ಆಂಗ್ಚುಕ್ ಮೊಣಕಾಲುದ್ದ ಕೆಳಗಿಳಿದು ಕೆಸರಲ್ಲಿ ಕೂತ. ಬೆಟ್ಟಗಳೂ ಅವನ ಸುತ್ತ ಚೂರಾದವು.

ಮೊದಲು ನಕ್ಕವಳು ಅವನ ಹೆಂಡತಿ. “ಒಲಿಂಪಿಕ್ ಮುಗೀತಾ? ಎದ್ದು ಬನ್ನಿ, ಚಳಿಯಾಗುತ್ತೆ.”

ಬಂದ ಹೆಂಗಸು ನಗಲಿಲ್ಲ. “ಗಟ್ಟಿ ಇರೋದು ಎಷ್ಟು?” ಎಂದು ಕುಂಜೆಸ್‌ಳನ್ನು ಕೇಳಿದರು.

“ಹತ್ತು ಹೆಜ್ಜೆ.”

“ಅದರಲ್ಲೇ ತೋರಿಸು.”

ಹತ್ತು ಹೆಜ್ಜೆಯಲ್ಲಿ ಓಟವಿಲ್ಲ. ಐದು ಜನರನ್ನು ದಾಟುವುದೂ ಇಲ್ಲ. ಅವಳು ತಿರುಗಿದಳು, ನಿಂತಳು, ಹಿಂದಕ್ಕೆ ಜಾರಿದಳು. ಬಿಲ್ಲೆಯನ್ನು ಆಟದ ಕೋಲಿನ ಬುಡದಲ್ಲೇ ಇಟ್ಟುಕೊಂಡಳು. ಎಡಕ್ಕೆ ತಿರುಗುವಾಗ ಎರಡು ಸಲ ಬಿಲ್ಲೆ ತಪ್ಪಿತು. ಎರಡು ಸಲವೂ ಹೋಗಿ ತಂದುಕೊಂಡಳು. ಗೋಡೆಯ ಸಂದಿಯಲ್ಲಿ ನಲವತ್ತು ಶಾಲುಗಳು ಗಾಳಿಗೆ ಆಡುತ್ತಿದ್ದವು.

ನೋಡಲು ಅಂಥದ್ದೇನಿರಲಿಲ್ಲ. ಜನ ಒಬ್ಬೊಬ್ಬರಾಗಿ ಮನೆಗೆ ಹೋದರು. ನಗಾರಿಯವರು ನಗಾರಿಗೆ ಬಟ್ಟೆ ಮುಚ್ಚಿದರು.

ಅರ್ಧ ಗಂಟೆಯಾದ ಮೇಲೆ ಆ ಹೆಂಗಸು ಕೈ ಎತ್ತಿ ಸಾಕೆಂದರು.

“ಕಾಲು ಚೆನ್ನಾಗಿದೆ. ಎಡ ತಿರುವು ಚೆನ್ನಾಗಿಲ್ಲ. ಮಾರ್ಚಿನಲ್ಲಿ ಶಿಬಿರಕ್ಕೆ ಬಾ. ಐವತ್ತು ಜನ ಬರ್ತಾರೆ, ನಾಲ್ವರನ್ನು ಇಟ್ಟುಕೊಳ್ತೇವೆ. ಈ ವರ್ಷ ನೀನು ಆ ನಾಲ್ವರಲ್ಲಿ ಇರಲಾರೆ. ಮೂರು ವರ್ಷಕ್ಕೆ ಇರಬಹುದು. ಇಲ್ಲದೆಯೂ ಇರಬಹುದು. ಆದರೂ ಬರ್ತೀಯಾ?”

ಕುಂಜೆಸ್ ಯೋಚಿಸಿದಳು. ನಿನಗೆ ಬೇಕಾ ಎಂದು ಒಂದು ವರ್ಷದಿಂದ ಅವಳನ್ನು ಯಾರೂ ಕೇಳಿರಲಿಲ್ಲ.

“ಬರ್ತೀನಿ.”

ಆ ಹೆಂಗಸು ಚಹಾ ಕುಡಿಯಲು ಹೋದರು.

ಚೋಸ್ಫೆಲ್ ಆಗ ಜೀಪಿನಿಂದ ಇಳಿದ. ಮೇಮೆಯ ಮುಂದೆ ಬಂದು ನಿಂತ. ಇಬ್ಬರೂ ಒಂದೇ ವಯಸ್ಸಿನ ಮುದುಕರ ಹಾಗೆ ಕಂಡರು.

“ಜ್ವರ ಅಂತೆ,” ಎಂದ.

“ಹೂಂ. ಹೋಗುತ್ತೆ.”

ಅವನು ಗೋಡೆಗೆ ಒರಗಿಸಿಟ್ಟ ಸಲಿಕೆ ತೆಗೆದುಕೊಂಡು ಅಂಗಳದ ಒಡಕು ಚೂರುಗಳನ್ನು ಬದಿಗೆ ಎಳೆಯತೊಡಗಿದ.

ಕುಂಜೆಸ್ ಸ್ಕೇಟ್ ಬಿಚ್ಚಿ ಮೇಮೆಯ ಪಕ್ಕ ಕೂತಳು. 

“ಕಲ್ಲು ಎತ್ತಿದ್ದಕ್ಕೆ ಬಯ್ಯಲ್ವಾ, ಮೇಮೆಲೆ?”

“ನಾಳೆ ಬಯ್ತೀನಿ. ಇವತ್ತು ಸುಸ್ತು.”

“ಎಡ ತಿರುವು ಸರಿ ಇಲ್ಲ ಅಂತ ನಿಮಗೆ ಗೊತ್ತಿತ್ತಾ?”

“ಮೂರು ವರ್ಷದಿಂದ.”

“ಯಾಕೆ ಹೇಳಲಿಲ್ಲ?”

“ಎರಡು ವರ್ಷ ಹೇಳಿದೆ. ಆಮೇಲೆ ನಗಾರಿ ಶುರುವಾಯ್ತು.”

ಅವಳು ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು. ಬಿಸಿಲು ಬೆಟ್ಟದ ತುದಿಯಿಂದ ಇಳಿಯತೊಡಗಿತ್ತು. ಚೋಸ್ಫೆಲ್‌ನ ಸಲಿಕೆಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

“ಮೇಮೆಲೆ, ಊರಿನವರೆಲ್ಲ ಹೋದರು. ಈಗ ಯಾರೂ ಕೇಳಿಸಿಕೊಳ್ಳಲ್ಲ. ನನ್ನ ಆಟ ಹೇಗಿತ್ತು? ನಿಜ ಹೇಳಿ.”

ಮೇಮೆ ಪಟ್ಟೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು.

“ಚೆನ್ನಾಗಿತ್ತು, ನೋಮೋ. ಹತ್ತು ಹೆಜ್ಜೆಯಷ್ಟು ಚೆನ್ನಾಗಿತ್ತು.”