ಗೀರು ಬೀಳದ ಕಾರು

ದೇವರ ದಯೆಯಿಂದ ಪಂಚಾಯಿತಿ ಅಧ್ಯಕ್ಷ ಪುಟ್ಟಮಾದಪ್ಪನವರಿಗೆ ಹೊಸ ಕಾರು ಬಂತು. ಆದರೆ ಅವರ ಮನೆಯಿಂದ ಕಚೇರಿಗೆ ಹೋಗುವ ದಾರಿಯ ಎರಡೂ ಕಡೆ ಜಾಲಿಮುಳ್ಳು ಬಾಗಿತ್ತು. ಕಡಿಸಿ ಎಂದು ಜನ ಬೇಡಿಕೊಂಡಾಗಲೆಲ್ಲ ಅವರು "ನೋಡೋಣ" ಅನ್ನುತ್ತಿದ್ದರು.

ಡ್ರೈವರನಿಗೆ ಮಾತ್ರ ಗದರಿದರು: "ಒಂದು ಗೀರು ಬಿದ್ದರೂ ನಿನಗೆ ಕೆಲಸವಿಲ್ಲ. ಮನೇಲಿ ಸುಮ್ಮನೆ ಬಿದ್ದಿರೋದು ಏನಾದರೂ ಹೊದಿಸಿ ಓಡಿಸು!"

ಮಾರನೆಯ ದಿನ ಅವರನ್ನು ಊಟಕ್ಕೆ ಮನೆಗೆ ಕರೆದೊಯ್ಯಲು ಕಾರು ಕಚೇರಿಗೆ ಬಂತು. ಮೈತುಂಬ ಅಧ್ಯಕ್ಷರ ಸನ್ಮಾನದ ಶಾಲುಗಳು, ಜರಿಯೆಲ್ಲ ಚಿಂದಿ! ಜನ ಬಿದ್ದು ಬಿದ್ದು ನಕ್ಕರು.

"ಅಯ್ಯೋ ಪಾಪಿ, ನನ್ನ ಶಾಲು ಕಣೋ!"

"ಬಣ್ಣಕ್ಕೇನೂ ಆಗಿಲ್ಲ ಬುದ್ಧಿ. ವಾಪಸ್ ಹೋಗೋಕೆ ಡಿಕ್ಕೀಲಿ ಇನ್ನೊಂದು ಗಂಟಿದೆ. ಹೊದಿಸಲಾ?"

ಅಧ್ಯಕ್ಷರು ಅಂದು ಕೊಡಲಿ ಹಿಡಿದವರನ್ನು ಮುಂದೆ ಬಿಟ್ಟುಕೊಂಡು, ಜಾಲಿ ಕಡಿಸುತ್ತಾ ನಡೆದೇ ಊಟಕ್ಕೆ ಹೋದರು. ಭಗವಂತ ಯಾರ ಮನಸ್ಸನ್ನು ಹೇಗೆ ತಿರುಗಿಸುತ್ತಾನೋ!